ಓದುಗರ ಪ್ರಶ್ನೆ: ಸೈನ್ಯ ಸಾಗಿಸಿದ ಹಡಗಿನ ಮಾದರಿ

ಪ್ರಶ್ನೆ: ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರನ್ನು ಸಾಗಿಸಿದ ಹ್ಯಾಸ್ಕೆಲ್ ವರ್ಗದ ಹಡಗೊಂದರ ಮಾದರಿಯನ್ನು ಸಿದ್ಧ ಕಿಟ್ ಇಲ್ಲದೆ, ನಕ್ಷೆ ನೋಡಿಯೇ ಕಟ್ಟಬೇಕೆಂದಿದ್ದೇನೆ. ಯಾವ ಪ್ರಮಾಣ ಸೂಕ್ತ? ಅದರ ಮೇಲಿರುವ ಅಷ್ಟೊಂದು ದೋಣಿಗಳನ್ನು ಮಾಡುವುದು ಹೇಗೆ?
— ಓದುಗರೊಬ್ಬರು, ಧಾರವಾಡ

ಉತ್ತರ: 1:200 ಪ್ರಮಾಣವನ್ನು ಆರಿಸಿಕೊಳ್ಳಿ. 455 ಅಡಿ ಉದ್ದ, 62 ಅಡಿ ಅಗಲದ ಹಡಗು ಆಗ ಸುಮಾರು 69 ಸೆಂ.ಮೀ. ಉದ್ದ, 9.5 ಸೆಂ.ಮೀ. ಅಗಲವಾಗುತ್ತದೆ.

ಒಡಲಿಗೆ, ನಕ್ಷೆಯಲ್ಲಿ ನೀರಿನ ಮಟ್ಟಕ್ಕೆ ಸಮಾನಾಂತರವಾಗಿರುವ ಪ್ರತಿಯೊಂದು ರೇಖೆಯ ಆಕಾರಕ್ಕೆ ಮೃದು ಮರದ ಹಲಗೆಯನ್ನು ಎಡ-ಬಲ ಎರಡು ಹೋಳುಗಳಾಗಿ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಉಳಿಯುವ ಮೆಟ್ಟಿಲುಗಳನ್ನು ಸ್ಯಾಂಡ್‌ಪೇಪರಿನಿಂದ ಸವೆಸಬೇಕು. ನಡುವಿನ ಬೆಸುಗೆಗೆರೆ ಕಣ್ಣಿಗೆ ಕಾಣುತ್ತಿದ್ದರೆ ಎರಡೂ ಪಕ್ಕಗಳು ಸಮವಾಗಿವೆಯೇ ಎಂದು ರಟ್ಟಿನ ಅಚ್ಚು ಹಿಡಿದು ಪರೀಕ್ಷಿಸುವುದು ಸುಲಭ.

ಸೈನಿಕರನ್ನು ಹಡಗಿನಿಂದ ದಡಕ್ಕಿಳಿಸುತ್ತಿದ್ದ ಎಲ್‌ಸಿವಿಪಿ ಎಂಬ 36 ಅಡಿಯ ಪ್ಲೈವುಡ್ ದೋಣಿ ನಿಮ್ಮ ಮಾದರಿಯಲ್ಲಿ ಸುಮಾರು 5.5 ಸೆಂ.ಮೀ. ಆಗುತ್ತದೆ. ಒಂದನ್ನು ಮಾತ್ರ, ಮುಂಭಾಗದ ಇಳಿಜಾರು ಬಾಗಿಲಿನ ಸಮೇತ, ಮನಸ್ಸಿಟ್ಟು ಮಾಡಿ. ಸಿಲಿಕೋನ್ ರಬ್ಬರಿನಲ್ಲಿ ಅದರ ಅಚ್ಚು ತೆಗೆದು ಉಳಿದವನ್ನು ರೆಸಿನ್‌ನಲ್ಲಿ ಎರಕ ಹೊಯ್ಯಿರಿ. ಪ್ರತಿಯೊಂದನ್ನೂ ಕೈಯಿಂದಲೇ ಕೆತ್ತುತ್ತೇನೆಂಬ ಹಟ ಬೇಡ, ಏಕೆಂದರೆ ಸಾಲಿನಲ್ಲಿಟ್ಟಾಗ ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ.

ಇಂಥ ದೋಣಿಗಳಲ್ಲಿ ಹಲವನ್ನು ಹ್ಯಾಚ್‌ಗಳ (ಸರಕು ಕೋಣೆಯ ಬಾಯಿಗಳ) ಮೇಲಿರಿಸಿ ಬೂಮ್‌ಗಳಿಂದ (ಭಾರ ಎತ್ತುವ ಉದ್ದನೆಯ ತೋಳುಗಳಿಂದ) ನೀರಿಗಿಳಿಸುತ್ತಿದ್ದುದರಿಂದ ಹಗ್ಗಗಳ ಜೋಡಣೆಯನ್ನು ಕಡೆಗಣಿಸುವಂತಿಲ್ಲ. ಒಂದು ಅಂಗುಲ ದಪ್ಪದ ಉಕ್ಕಿನ ಹಗ್ಗ ಇಲ್ಲಿ 0.13 ಮಿ.ಮೀ. ಮಾತ್ರ, ಹೊಲಿಗೆ ದಾರ ಅದಕ್ಕೆ ದಪ್ಪವಾಯಿತು. ಹಳೆಯ ಸಣ್ಣ ಮೋಟಾರಿನ ಸುರುಳಿಯಿಂದ ಬಿಚ್ಚಿದ ತಾಮ್ರದ ತಂತಿ ಹೆಚ್ಚು ಹೊಂದುತ್ತದೆ.