ಲೈವ್ ರಾಕ್ ಒಳಗಿಂದ ಬಂದದ್ದೇನು? ಓದುಗರ ಪ್ರಶ್ನೆ, ತಜ್ಞರ ಉತ್ತರ

ಸಮುದ್ರದ ನೀರಿನ ಅಕ್ವೇರಿಯಂ ಇಟ್ಟಿರುವ ಓದುಗರಿಂದ ಈ ಸಲ ಬಂದ ಪ್ರಶ್ನೆಗಳೆಲ್ಲ ಒಂದೇ ವಿಷಯಕ್ಕೆ ಸಂಬಂಧಿಸಿದ್ದು. ಲೈವ್ ರಾಕ್ ಎಂದರೆ ಬ್ಯಾಕ್ಟೀರಿಯಾ, ಸಣ್ಣ ಜೀವಿಗಳು ನೆಲೆಸಿರುವ, ರಂಧ್ರಗಳುಳ್ಳ ಸಮುದ್ರದ ಕಲ್ಲು. ಅದರ ಸಂದಿಗಳಲ್ಲಿ ಅಡಗಿ ಬಂದು, ಎಷ್ಟೋ ವಾರಗಳಾದ ಮೇಲೆ ಹೊರಗೆ ಕಾಣಿಸಿಕೊಳ್ಳುವ ಜೀವಿಗಳನ್ನು ಏನು ಮಾಡಬೇಕು? ಯಾವುದನ್ನೇ ಆಗಲಿ, ಗುರುತು ಹಿಡಿಯದೆ ಕೊಲ್ಲಬೇಡಿ ಎಂಬುದೇ ನಮ್ಮ ಮೊದಲ ಮಾತು.

ಪ್ರಶ್ನೆ: ನಮ್ಮದು 200 ಲೀಟರ್ ಟ್ಯಾಂಕ್. ರಾತ್ರಿ ಟಾರ್ಚ್ ಹಾಕಿ ನೋಡಿದರೆ ಕಲ್ಲಿನ ಸಂದಿಯಿಂದ ತಿಳಿಗುಲಾಬಿ ಬಣ್ಣದ, ಎರಡೂ ಪಕ್ಕದಲ್ಲಿ ಬಿಳಿ ಕೂದಲಿರುವ ಹುಳುಗಳು ಬರುತ್ತವೆ. ಕ್ಲೌನ್ ಫಿಶ್‌ಗೆ ತೊಂದರೆ ಆಗುತ್ತದೆಯೇ? ಎಲ್ಲವನ್ನೂ ತೆಗೆಯುವುದು ಹೇಗೆ?
— ಕುವೆಂಪುನಗರ, ಮೈಸೂರು

ಉತ್ತರ: ಇವು ಬ್ರಿಸಲ್ ವರ್ಮ್‌ಗಳು. ತೆಗೆಯಬೇಡಿ. ಮೀನು ತಿನ್ನದೆ ಬಿಟ್ಟ ಆಹಾರ, ಹಿಕ್ಕೆ, ಸಂದಿಯಲ್ಲಿ ಸತ್ತ ಬಸವನಹುಳು ಇವೆಲ್ಲ ಕೊಳೆತು ಅಮೋನಿಯಾ ಆಗುವ ಮೊದಲೇ ಇವು ತಿಂದು ಮುಗಿಸುತ್ತವೆ. ನಿಮ್ಮ ಕೈಯಾಗಲಿ ಸೈಫನ್ ಪೈಪಾಗಲಿ ಹೋಗದ ಜಾಗವನ್ನು ಸ್ವಚ್ಛವಾಗಿಡುವವು ಇವೇ. ರಾತ್ರಿ ಸತ್ತ ಮೀನನ್ನು ಬೆಳಿಗ್ಗೆ ಹುಳು ಮುತ್ತಿರುವುದನ್ನು ಕಂಡು, ಹುಳುವೇ ಕೊಂದಿತು ಎಂದುಕೊಳ್ಳುವವರು ಬಹಳ ಜನ. ಆರೋಗ್ಯವಾಗಿರುವ ಮೀನನ್ನು ಇವು ಹಿಡಿಯಲಾರವು. ಮೀನು ಸತ್ತಿದ್ದರೆ ನೀರಿನ ಅಮೋನಿಯಾ, ಉಪ್ಪಿನಂಶ, ರೋಗ ಇವುಗಳನ್ನು ನೋಡಿ.

ಹವಳ ತಿನ್ನುವ ಬೆಂಕಿಹುಳು ಎಂದು ಹೆಸರಾದ ಹರ್ಮೊಡೈಸ್ ಕರುಂಕ್ಯುಲಾಟಾ ಮುಖ್ಯವಾಗಿ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್ ಕಡೆಯದು. ಅದರ ತಲೆಯ ಮೇಲೆ ಮಡಿಕೆ ಮಡಿಕೆಯಾದ ದಪ್ಪ ಉಬ್ಬು ಇರುತ್ತದೆ, ಹವಳದ ಕೊಂಬೆಯ ತುದಿಯನ್ನು ಬಾಯಿಂದ ಮುಚ್ಚಿಕೊಂಡಿರುವುದು ಕಾಣುತ್ತದೆ. ನಿಮ್ಮದು ಅದಲ್ಲ.

ಸಂಖ್ಯೆ ಅತಿಯಾಗಿದ್ದರೆ ಆಹಾರ ಅತಿಯಾಗಿದೆ ಎಂದರ್ಥ. ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಹಾಕಿ. ಒಂದೆರಡು ತಿಂಗಳಲ್ಲಿ ಹುಳು ತಾನಾಗಿ ಕಡಿಮೆಯಾಗುತ್ತದೆ. ಟ್ಯಾಂಕ್ ಒಳಗೆ ಕೈ ಹಾಕುವಾಗ ಗ್ಲೌಸ್ ಇರಲಿ. ಆ ಕೂದಲು ಚರ್ಮಕ್ಕೆ ಚುಚ್ಚಿ ಮುರಿಯುತ್ತದೆ. ಚುಚ್ಚಿಕೊಂಡರೆ ಉಜ್ಜಬೇಡಿ, ಸೆಲ್ಲೋಟೇಪ್ ಒತ್ತಿ ಎಳೆಯಿರಿ, ಆಮೇಲೆ ವಿನೆಗರ್ ಹಚ್ಚಿ. ಊತ ಏರುತ್ತಿದ್ದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಲೈಟ್ ಆರಿಸಿದ ಮೇಲೆ ಟ್ಯಾಂಕ್‌ನಿಂದ ಟಕ್ ಟಕ್ ಶಬ್ದ. ಮೊದಲು ಗಾಜು ಬಿರುಕು ಬಿಡುತ್ತಿದೆ ಎಂದುಕೊಂಡೆವು. ಈಗ ಟರ್ಬೋ ಬಸವನಹುಳುಗಳೂ ಒಂದೊಂದಾಗಿ ಕಾಣೆಯಾಗುತ್ತಿವೆ.
— ವಿಜಯನಗರ, ಮೈಸೂರು

ಉತ್ತರ: ಈ ಶಬ್ದ ಮಾಡುವವು ಎರಡು, ಮೊದಲು ಯಾವುದೆಂದು ತಿಳಿಯಬೇಕು. ಒಂದು ಪಿಸ್ತೂಲ್ ಸಿಗಡಿ. ಅದು ದೊಡ್ಡ ಕೊಂಡಿಯನ್ನು ಮುಚ್ಚುವ ವೇಗಕ್ಕೆ ನೀರಿನಲ್ಲಿ ಗುಳ್ಳೆ ಹುಟ್ಟುತ್ತದೆ. ಆ ಗುಳ್ಳೆ ಕುಸಿಯುವುದೇ ನಮಗೆ ಕೇಳುವ ಶಬ್ದ ಎಂದು 2000ದಲ್ಲಿ ವಿಜ್ಞಾನಿಗಳು ತೋರಿಸಿದರು. ಶಬ್ದ ಜೋರು, ಹಾನಿ ಕಡಿಮೆ, ಅದನ್ನು ಇಟ್ಟುಕೊಳ್ಳಬಹುದು. ಇನ್ನೊಂದು ಮ್ಯಾಂಟಿಸ್ ಸಿಗಡಿ. ಇದು ಗದೆಯಂಥ ಮುಂಗಾಲಿನಿಂದ ಚಿಪ್ಪನ್ನು ಕುಟ್ಟಿ ಒಡೆದು ಒಳಗಿನ ಮಾಂಸ ತಿನ್ನುತ್ತದೆ. ಪೀಕಾಕ್ ಮ್ಯಾಂಟಿಸ್‌ನ ಏಟು ಸೆಕೆಂಡಿಗೆ 23 ಮೀಟರ್ ವೇಗ ಮುಟ್ಟುತ್ತದೆಂದು 2004ರಲ್ಲಿ ಅಳೆದಿದ್ದಾರೆ.

ಬಸವನಹುಳು ಕಾಣೆಯಾಗಿರುವುದರಿಂದ ನಿಮ್ಮಲ್ಲಿರುವುದು ಮ್ಯಾಂಟಿಸ್ ಆಗಿರುವ ಸಾಧ್ಯತೆ ಹೆಚ್ಚು. ಕಲ್ಲಿನ ಬುಡದಲ್ಲಿ ಒಡೆದ ಚಿಪ್ಪಿನ ಚೂರು ಹುಡುಕಿ. ಒಂದು ರಂಧ್ರದ ಮುಂದೆ ಚೂರು ರಾಶಿ ಬಿದ್ದಿದ್ದರೆ ಮನೆ ಅದೇ. ಖಾಲಿ ಚಿಪ್ಪು ಇಡಿಯಾಗಿದ್ದರೆ ಬೇರೆ ಕಾರಣ ಯೋಚಿಸಿ.

ರಂಧ್ರ ಗೊತ್ತಾದರೆ ಕೆಲಸ ಅರ್ಧ ಮುಗಿದಂತೆ. ಆ ಕಲ್ಲನ್ನು ಹಗಲಲ್ಲಿ, ಅದು ಒಳಗಿರುವಾಗ, ಮೇಲೆತ್ತಿ ಖಾಲಿ ಬಕೆಟ್ ಮೇಲೆ ಹಿಡಿಯಿರಿ. 20 ಮಿ.ಲೀ. ಸಿರಿಂಜ್‌ನಲ್ಲಿ ಪ್ಲೇನ್ ಸೋಡಾ ತುಂಬಿ ರಂಧ್ರದೊಳಗೆ ಬಿಡಿ. ಸಕ್ಕರೆ, ನಿಂಬೆ, ಮಸಾಲೆ ಏನೂ ಇಲ್ಲದ ಸೋಡಾ ಆಗಿರಬೇಕು. ಕಾರ್ಬನ್ ಡೈಆಕ್ಸೈಡ್‌ನಿಂದ ಉಸಿರುಕಟ್ಟಿ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಅದು ಬಕೆಟ್‌ಗೆ ಬೀಳುತ್ತದೆ. ಆಮೇಲೆ ಕಲ್ಲನ್ನು ಟ್ಯಾಂಕ್‌ನಿಂದ ತೆಗೆದ ನೀರಿನಲ್ಲಿ ತೊಳೆದು ವಾಪಸ್ ಇಡಿ. ಟ್ಯಾಂಕ್ ಒಳಗೇ ಸೋಡಾ ಹಾಕಲು ಹೋಗಬೇಡಿ, ನೀರಿನ ಪಿಎಚ್ ಕುಸಿಯುತ್ತದೆ.

ಕಲ್ಲು ಅಂಟಿಸಿದ್ದು, ತೆಗೆಯಲಾಗದು ಎಂದಾದರೆ ಬಲೆ ಒಡ್ಡಿ. ನೀರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ, ತಲೆಕೆಳಗಾಗಿ ಒಳಗೆ ಸಿಕ್ಕಿಸಿ, ಒಳಗೆ ಸಿಗಡಿಯ ತುಂಡು ಹಾಕಿ, ರಂಧ್ರದ ಹತ್ತಿರ ಓರೆಯಾಗಿ ಇಡಿ. ಏಡಿಗಳಿಗೂ ಇದೇ ಬಲೆ ಸಾಕು. ಮ್ಯಾಂಟಿಸ್ ಜಾಣ ಪ್ರಾಣಿ, ಮೊದಲ ರಾತ್ರಿಯೇ ಬೀಳುತ್ತದೆಂದು ನೆಚ್ಚಬೇಡಿ. ಬರಿಗೈಯಲ್ಲಿ ಮಾತ್ರ ಹಿಡಿಯಬೇಡಿ, ಬೆರಳು ಸೀಳುತ್ತದೆ. ಹಿಡಿದದ್ದನ್ನು ಕೊಲ್ಲುವುದಕ್ಕಿಂತ 30–40 ಲೀಟರ್‌ನ ಬೇರೆ ಟ್ಯಾಂಕ್‌ನಲ್ಲಿ ಒಂಟಿಯಾಗಿ ಸಾಕುವುದು ಒಳ್ಳೆಯದು. ಇಡೀ ಹವ್ಯಾಸದಲ್ಲಿ ಇಷ್ಟು ಚುರುಕಾಗಿ ನಮ್ಮನ್ನೇ ಗಮನಿಸುವ ಜೀವಿ ಇನ್ನೊಂದಿಲ್ಲ.

ಪ್ರಶ್ನೆ: ಕಲ್ಲಿನ ಮೇಲೆ ಕಂದುಬಣ್ಣದ, ಹೂವಿನ ಹಾಗೆ ಅರಳುವ ಜೀವಿ ಬಂದಿತ್ತು. ಬ್ಲೇಡಿನಿಂದ ಕೆರೆದು ತೆಗೆದೆ. ಈಗ ಸುತ್ತಲೂ ಇಪ್ಪತ್ತು ಮರಿ ಎದ್ದಿವೆ. ಸುಣ್ಣ ಹಾಕಿದರೆ ಸಾಯುತ್ತದೆ ಎಂದು ಅಂಗಡಿಯವರು ಹೇಳಿದರು. ವೀಳ್ಯದೆಲೆಗೆ ಹಚ್ಚುವ ಸುಣ್ಣ ಆಗಬಹುದೇ?
— ಅಶೋಕನಗರ, ಮಂಡ್ಯ

ಉತ್ತರ: ಇದು ಎಪ್ಟೇಸಿಯಾ ಎಂಬ ಅನಿಮೊನಿ. ಇದರ ಪಾದದ ಚೂರು ಕಲ್ಲಿಗೆ ಅಂಟಿ ಉಳಿದರೂ ಸಾಕು, ಅದರಿಂದ ಹೊಸದು ಬೆಳೆಯುತ್ತದೆ. ಕೆರೆದದ್ದೇ ಇಪ್ಪತ್ತಾಗಲು ಕಾರಣ. ಇನ್ನು ಕೆರೆಯಬೇಡಿ, ಹಿಸುಕಬೇಡಿ.

ಅಂಗಡಿಯವರು ಹೇಳಿದ್ದು ಸರಿ. ಎಲೆಯ ಸುಣ್ಣವೂ ಮೂಲತಃ ಕ್ಯಾಲ್ಸಿಯಂ ಹೈಡ್ರಾಕ್ಸೈಡೇ. ಆದರೆ ಅದರ ಶುದ್ಧತೆಗೆ ಖಾತ್ರಿಯಿಲ್ಲ, ಕೆಲವಕ್ಕೆ ಬಣ್ಣ, ಪರಿಮಳ ಸೇರಿಸಿರುತ್ತಾರೆ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿ ಕೇಳಿ ತನ್ನಿ. ಒಂದು ಟೀ ಚಮಚ ಪುಡಿಗೆ ಆರ್‌ಒ ನೀರನ್ನು ಹನಿಹನಿಯಾಗಿ ಬೆರೆಸಿ, ದೋಸೆ ಹಿಟ್ಟಿನ ಹದಕ್ಕೆ ತನ್ನಿ. ತೆಳುವಾದರೆ ನೀರಿನಲ್ಲಿ ಹರಡಿಹೋಗುತ್ತದೆ, ಗಟ್ಟಿಯಾದರೆ ಸೂಜಿಯಲ್ಲಿ ಇಳಿಯುವುದಿಲ್ಲ. ಪಂಪ್, ನೀರನ್ನು ಅಲೆಯಾಡಿಸುವ ವೇವ್‌ಮೇಕರ್ ಎಲ್ಲ ನಿಲ್ಲಿಸಿ. ಮೊಂಡ ಸೂಜಿಯ ಸಿರಿಂಜನ್ನು ಎಪ್ಟೇಸಿಯಾದ ಬಾಯಿಯ ಹತ್ತಿರಕ್ಕೆ ನಿಧಾನವಾಗಿ ತನ್ನಿ. ತಟ್ಟನೆ ತಂದರೆ ಅದು ಒಳಕ್ಕೆ ಸರಿದುಬಿಡುತ್ತದೆ. ಅರಳಿರುವಾಗಲೇ ಬಾಯಿಯ ಮೇಲೆ ಸುಣ್ಣ ಬಿಡಿ, ಮುದುಡಿದ ಮೇಲೆ ರಂಧ್ರವನ್ನೂ ಸುಣ್ಣದಿಂದ ಮುಚ್ಚಿ. 15–20 ನಿಮಿಷ ಬಿಟ್ಟು ಪಂಪ್ ಹಾಕಿ.

ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ. ಇಪ್ಪತ್ತಕ್ಕೂ ಒಂದೇ ದಿನ ಹಾಕಿದರೆ ಪಿಎಚ್ ಜಿಗಿದು ಮೀನು ಸಾಯುತ್ತವೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ತಪ್ಪದೆ ಇರಲಿ. ಹವಳದ ಮೇಲೆ ಸುಣ್ಣ ಬಿದ್ದರೆ ಆ ಭಾಗ ಸುಟ್ಟುಹೋಗುತ್ತದೆ.

ಉಳಿದ ಸಣ್ಣವಕ್ಕೆ ಪೆಪ್ಪರ್‌ಮಿಂಟ್ ಸಿಗಡಿ ಮೂರು ನಾಲ್ಕು ಬಿಡಿ. ಕೊಳ್ಳುವಾಗ ಎಚ್ಚರ: ಒಂಟೆ ಸಿಗಡಿಯನ್ನು ಅದೇ ಹೆಸರಿನಲ್ಲಿ ಮಾರುವುದುಂಟು. ಬೆನ್ನು ಗೂನಾಗಿ, ಕೆಂಪು ಮೈಮೇಲೆ ಬಿಳಿ ಗೆರೆ, ಚುಕ್ಕೆ ಇದ್ದರೆ ಅದು ಒಂಟೆ ಸಿಗಡಿ. ಎಪ್ಟೇಸಿಯಾ ಬಿಟ್ಟು ನಿಮ್ಮ ಹವಳದ ಪಾಲಿಪ್‌ಗಳನ್ನೇ ತಿನ್ನುತ್ತದೆ.

ಪ್ರಶ್ನೆ: ಹೊಸ ಲೈವ್ ರಾಕ್ 15 ಕೆ.ಜಿ. ಬರುವುದಿದೆ. ಏನೂ ತಂಟೆಯೇ ಬೇಡ ಎಂದು ಹಂಡೆಯಲ್ಲಿ ಕುದಿಸಿ ಹಾಕಿಬಿಡಬಹುದಲ್ಲವೇ?
— ಮದ್ದೂರು

ಉತ್ತರ: ಬೇಡ, ದಯವಿಟ್ಟು ಬೇಡ. ಕಲ್ಲಿನ ಮೇಲೆ ಜೋವಾಂಥಿಡ್ ಎಂಬ ಗುಂಡಿಯಾಕಾರದ ಪಾಲಿಪ್‌ಗಳಿದ್ದರೆ, ಅವುಗಳಲ್ಲಿ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಅತ್ಯಂತ ತೀವ್ರ ವಿಷ ಇರುತ್ತದೆ. ಕುದಿಸಿದಾಗ ಅದು ಹಬೆಯ ಜೊತೆ ಮನೆ ತುಂಬುತ್ತದೆ. ಹೀಗೆ ಮಾಡಿದ ಕುಟುಂಬಗಳು, ಸಾಕಿದ ನಾಯಿಗಳ ಸಮೇತ, ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ದಾಖಲಾಗಿವೆ. ಜ್ವರ, ಕೆಮ್ಮು, ಎದೆ ಬಿಗಿತ, ಮಾಂಸಖಂಡದ ನೋವು ಇದರ ಲಕ್ಷಣ. ಕಲ್ಲಿಗೆ ಕುದಿಯುವ ನೀರು ಸುರಿಯುವುದೂ ಅಪಾಯವೇ. ಅಲ್ಲದೆ ಕುದಿಸಿದರೆ ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಸತ್ತು, ನೀವು ದುಡ್ಡು ಕೊಟ್ಟು ತಂದ ಜೀವವೇ ಹೋಗುತ್ತದೆ.

ಬದಲಿಗೆ ಹೀಗೆ ಮಾಡಿ. ಒಂದು ಬಕೆಟ್‌ನಲ್ಲಿ 10 ಲೀಟರ್ ಆರ್‌ಒ ನೀರಿಗೆ ಸುಮಾರು 500 ಗ್ರಾಂ ಮರೈನ್ ಸಾಲ್ಟ್ ಕರಗಿಸಿ. ಉಪ್ಪುನೀರಿನ ಸಾಂದ್ರತೆ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ 1.035 ತೋರಿಸಬೇಕು (ಟ್ಯಾಂಕ್‌ನಲ್ಲಿ 1.025 ಇರುತ್ತದೆ). ಅಡುಗೆ ಉಪ್ಪು ಬೇಡ. ಕಲ್ಲನ್ನು ಒಂದೊಂದಾಗಿ ಅದರಲ್ಲಿ ಒಂದೆರಡು ನಿಮಿಷ ಮುಳುಗಿಸಿ, ಅಲ್ಲಾಡಿಸಿ. ಏಡಿ, ಮ್ಯಾಂಟಿಸ್, ಹುಳು ಗಾಬರಿಯಿಂದ ಹೊರಗೆ ಬರುತ್ತವೆ. ಕಲ್ಲನ್ನು ಮಾಮೂಲಿ ಉಪ್ಪಿನ ನೀರಿನ ಎರಡನೇ ಬಕೆಟ್‌ಗೆ ಹಾಕಿ. ಬಿದ್ದ ಜೀವಿಗಳನ್ನು ಇಕ್ಕಳದಿಂದ ತೆಗೆದು ನೋಡಿ: ಮೈತುಂಬ ಕೂದಲು, ಕೊಂಡಿಯ ತುದಿ ಕಪ್ಪು ಇದ್ದರೆ ಬೇಟೆಯ ಏಡಿ ಇರಬಹುದು, ಹೊರಗಿಡಿ. ಸಣ್ಣ ಬ್ರಿಟಲ್ ಸ್ಟಾರ್ (ತೆಳು ತೋಳಿನ, ನಕ್ಷತ್ರಮೀನಿನಂಥ ಜೀವಿ), ಬ್ರಿಸಲ್ ವರ್ಮ್‌ಗಳನ್ನು ಉಳಿಸಿಕೊಳ್ಳಿ.

ಹವಳ ಹತ್ತಿಕೊಂಡಿರುವ ಕಲ್ಲಾದರೆ ಈ ಅದ್ದುವಿಕೆ ಬೇಡ.

ಆಮೇಲೆ ಕಲ್ಲು ನೇರ ಟ್ಯಾಂಕ್‌ಗೆ ಹೋಗಬಾರದು. 60–80 ಲೀಟರ್‌ನ ಪ್ಲಾಸ್ಟಿಕ್ ಟಬ್, ಒಂದು ಹೀಟರ್, ಒಂದು ವೇವ್‌ಮೇಕರ್ ಸಾಕು. ದಾರಿಯಲ್ಲಿ ಸತ್ತ ಸ್ಪಂಜು, ಪಾಚಿ ಕೊಳೆತು ಮೊದಲ ವಾರ ಅಮೋನಿಯಾ ಏರುತ್ತದೆ. ದಿನ ಬಿಟ್ಟು ದಿನ ಪರೀಕ್ಷೆ ಮಾಡಿ, 1 ಪಿಪಿಎಂ ದಾಟಿದರೆ ಅರ್ಧ ನೀರು ಬದಲಿಸಿ. ಸೊನ್ನೆಗೆ ಬಂದು ನಿಲ್ಲಲು 4ರಿಂದ 6 ವಾರ ಬೇಕಾಗಬಹುದು. ಮೀನಿನ ಬಿಳಿ ಚುಕ್ಕೆ ರೋಗದ ಪರಾವಲಂಬಿಯೂ ಕಲ್ಲಿಗೆ ಅಂಟಿ ಬರುತ್ತದೆ. ಮೀನಿಲ್ಲದೆ 76 ದಿನ ಇಟ್ಟರೆ ಅದು ಹಸಿದು ಸಾಯುತ್ತದೆಂಬುದು ಹವ್ಯಾಸಿಗಳು ಪಾಲಿಸುವ ಲೆಕ್ಕ. ತಾಳ್ಮೆಯಿದ್ದರೆ ಅಷ್ಟೂ ದಿನ ಇಡಿ, ಸಂಜೆಯ ಹೊತ್ತು ಟಾರ್ಚ್ ಹಾಕಿ ನೋಡುತ್ತಿರಿ, ಅಡಗಿದ್ದವು ಒಂದೊಂದೇ ಹೊರಬರುತ್ತವೆ. ತಾಮ್ರದ ಔಷಧಿ ಮಾತ್ರ ಈ ಟಬ್‌ಗೆ ಹಾಕಬೇಡಿ. ಕಲ್ಲು ಅದನ್ನು ಹೀರಿಕೊಂಡು ಆಮೇಲೆ ಬಿಡುತ್ತಾ, ಸಿಗಡಿ, ಬಸವನಹುಳು ಎಲ್ಲವನ್ನೂ ಕೊಲ್ಲುತ್ತದೆ.

ನಿಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಮನೆಯ ಕುಡಿಯುವ ನೀರಿನ ಆರ್‌ಒ ಯಂತ್ರದಲ್ಲಿ ಟಿಡಿಎಸ್ ಹೊಂದಿಸುವ ವಾಲ್ವ್ ಇದ್ದರೆ ಒಂದಿಷ್ಟು ಕಚ್ಚಾ ನೀರು ಬೆರೆತೇ ಬರುತ್ತದೆ. ವಾಲ್ವ್ ಮುಚ್ಚಿ, ಉಳಿದ ಲವಣ ಹೀರುವ ಡಿಐ ರೆಸಿನ್ ಜೋಡಿಸಿ, ಮೀಟರ್‌ನಲ್ಲಿ ಸೊನ್ನೆಯ ಹತ್ತಿರ ಬಂದದ್ದನ್ನೇ ಬಳಸಿ. ಏಪ್ರಿಲ್, ಮೇ ತಿಂಗಳಲ್ಲಿ ಟಬ್ 30 ಡಿಗ್ರಿ ದಾಟದಂತೆ ನೀರಿನ ಮೇಲ್ಮೈಗೆ ಫ್ಯಾನ್ ತಿರುಗಿಸಿ. ಆವಿಯಾದಷ್ಟಕ್ಕೆ ಉಪ್ಪಿಲ್ಲದ ಆರ್‌ಒ ನೀರನ್ನೇ ಸೇರಿಸಿ. ಕರೆಂಟ್ ಹೋದಾಗ ಬ್ಯಾಟರಿಯ ಏರ್ ಪಂಪ್ ಇರಲಿ.

ಪ್ರಶ್ನೆ: ಗಾಜಿನ ಮೇಲೆ ಉಗುರಿನ ಗಾತ್ರದ ಬಿಳಿ ನಕ್ಷತ್ರಗಳು, ಕಲ್ಲಿನ ಮೇಲೆ ಗಟ್ಟಿ ಕೊಳವೆಗಳು, ಅವುಗಳಿಂದ ಲೋಳೆಯ ದಾರ.
— ಶ್ರೀರಂಗಪಟ್ಟಣ

ಉತ್ತರ: ನಕ್ಷತ್ರಗಳು ಆಸ್ಟರಿನಾ ಎಂಬ ಪುಟ್ಟ ನಕ್ಷತ್ರಮೀನುಗಳು, ಬಹುಪಾಲು ಪಾಚಿ ತಿನ್ನುತ್ತವೆ. ಜೋವಾಂಥಿಡ್ ಮೇಲೆ ಕೂತದ್ದು ಕಂಡರೆ ಮಾತ್ರ ತೆಗೆಯಿರಿ. ಕೊಳವೆ ವರ್ಮೆಟಿಡ್ ಬಸವನಹುಳುವಿನದು. ಲೋಳೆಯ ಬಲೆ ತಾಗಿದ ಹವಳ ಮುದುಡುತ್ತದೆ. ಕೊಳವೆಯನ್ನು ಬುಡದವರೆಗೆ ಮುರಿದು, ಬಾಯಿಗೆ ಜೆಲ್ ರೂಪದ ಸೂಪರ್ ಗ್ಲೂ ಒಂದು ಹನಿ ಇಟ್ಟು ಮುಚ್ಚಿ.

ಪ್ರಶ್ನೆ: ಮಿರಮಿರ ಮಿಂಚುವ ಉದ್ದನೆಯ ಹುಳು ರಾತ್ರಿ ತಲೆ ಹೊರಹಾಕಿ, ಬೆಳಕು ಬಿದ್ದೊಡನೆ ಒಳಗೆ ಹೋಗುತ್ತದೆ. ಬಾಬಿಟ್ ವರ್ಮ್ ಇರಬಹುದೇ?
— ಹೆಬ್ಬಾಳ, ಮೈಸೂರು

ಉತ್ತರ: ತಲೆಯ ಮೇಲೆ ಐದು ಮೀಸೆ ಇವೆಯೇ ನೋಡಿ. ಇದ್ದರೆ ಬಾಬಿಟ್ ಸೇರಿದ ಯೂನಿಸ್ ಗುಂಪಿನದು. ಆದರೆ ಆ ಗುಂಪಿನಲ್ಲಿ ಸಣ್ಣ, ನಿರುಪದ್ರವಿ ಜಾತಿಗಳೇ ಹೆಚ್ಚು. ಮೀನನ್ನೂ ಹಿಡಿದು ತಿನ್ನುವ ದೊಡ್ಡ ಹುಳುವಾದ ನಿಜವಾದ ಬಾಬಿಟ್ ಬಂದರೆ ಮಾತ್ರ ಕಷ್ಟ. 2009ರಲ್ಲಿ ಇಂಗ್ಲೆಂಡಿನ ನ್ಯೂಕ್ವೇ ಊರಿನ ಬ್ಲೂ ರೀಫ್ ಅಕ್ವೇರಿಯಂನಲ್ಲಿ ಹವಳ ತುಂಡಾಗುತ್ತಿರುವುದಕ್ಕೆ ಕಾರಣ ಹುಡುಕುತ್ತಾ ಇಡೀ ಪ್ರದರ್ಶನವನ್ನೇ ಕಳಚಿದಾಗ, ಮೀಟರ್‌ಗಿಂತ ಉದ್ದದ ಹುಳು ಸಿಕ್ಕಿತ್ತು. ಕೆಂಪು ಬೆಳಕಿನಲ್ಲಿ ಗಮನಿಸಿ. ಬಿಳಿ ಟಾರ್ಚ್‌ಗೆ ಅಡಗುವಷ್ಟು ಅದಕ್ಕೆ ಅಡಗುವುದಿಲ್ಲ. ದಪ್ಪ ಪೆನ್ಸಿಲ್‌ನಷ್ಟಿದ್ದು, ಹವಳದ ಚೂರನ್ನು ರಂಧ್ರಕ್ಕೆ ಎಳೆಯುತ್ತಿದ್ದರೆ ಆ ಕಲ್ಲನ್ನೇ ಹೊರತೆಗೆಯಿರಿ. ಹೊರಗೆ ಚಾಚಿದ ಅರ್ಧವನ್ನು ಕತ್ತರಿಸಿದರೆ ಒಳಗೆ ಉಳಿದದ್ದು ಸತ್ತು ಕೊಳೆಯಬಹುದು, ಇಲ್ಲವೆ ಮತ್ತೆ ಬೆಳೆಯಬಹುದು.

ಪ್ರಶ್ನೆ: ಮಲ್ಪೆ ಅಥವಾ ಮುರ್ಡೇಶ್ವರದ ಕಡೆಗೆ ಹೋದಾಗ ಸಮುದ್ರದಿಂದಲೇ ಕಲ್ಲು ತರಬಹುದೇ?
— ನಂಜನಗೂಡು

ಉತ್ತರ: ತರಬೇಡಿ. ಹವಳಗಳನ್ನು 2001ರಲ್ಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ಗೆ ಸೇರಿಸಲಾಗಿದೆ. ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ ಜೀವಂತ ಹವಳವಿದೆ, ಅದರ ತುಂಡು ತರುವುದು ಅಪರಾಧ. ಸೇಂಟ್ ಮೇರೀಸ್ ದ್ವೀಪದ ಬಂಡೆ ಲಾವಾ ಕಂಬ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಾನೂನು ಬದಿಗಿಟ್ಟರೂ ಕರಾವಳಿಯ ಗಟ್ಟಿ ಬಂಡೆಯಲ್ಲಿ ಬ್ಯಾಕ್ಟೀರಿಯಾ ನೆಲೆಸಲು ಸೂಕ್ಷ್ಮ ರಂಧ್ರಗಳೇ ಇರುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವಾಗಲೂ ಕಲ್ಲು ಎಲ್ಲಿಂದ ಬಂತು ಎಂದು ಕೇಳಿ, ಬಿಲ್ ಪಡೆಯಿರಿ.

ಮನೆಯಲ್ಲೇ ಮಾಡಿಕೊಳ್ಳಬಹುದು. ಏನೂ ಸೇರಿಸದ ಬಿಳಿ ಸಿಮೆಂಟ್ ಒಂದು ಪಾಲು, ಕೋಳಿ ಆಹಾರದ ಅಂಗಡಿಯಲ್ಲಿ ಸಿಗುವ ಚಿಪ್ಪಿನ ನುಚ್ಚು ಮೂರು ಪಾಲು, ದಪ್ಪ ಕಲ್ಲುಪ್ಪು ಒಂದು ಪಾಲು, ಉಂಡೆ ಕಟ್ಟಲು ಬೇಕಾದಷ್ಟೇ ನೀರು. ಒದ್ದೆ ಮರಳಿನ ಗುಂಡಿಯಲ್ಲಿ ಆಕಾರ ಕೊಟ್ಟು ಎರಡು ದಿನ ಬಿಡಿ, ಆಮೇಲೆ ನೀರಿನಲ್ಲಿ ಮುಳುಗಿಸಿ. ಉಪ್ಪು ಕರಗಿ ರಂಧ್ರಗಳಾಗುತ್ತವೆ. ಸಿಮೆಂಟಿನ ಕ್ಷಾರ ಇಳಿಯಲು 6ರಿಂದ 8 ವಾರ ಬೇಕು, ವಾರಕ್ಕೊಮ್ಮೆ ನೀರು ಬದಲಿಸಿ. ಹೊಸ ನೀರಿನಲ್ಲಿ ಮೂರು ದಿನ ಇಟ್ಟರೂ ಪಿಎಚ್ 8.5 ದಾಟದಿದ್ದರೆ ಕಲ್ಲು ಸಿದ್ಧ. ನಂತರ ಪರಿಚಯದವರ ಹಳೆಯ ಟ್ಯಾಂಕ್‌ನಿಂದ ಮುಷ್ಟಿ ಗಾತ್ರದ ಒಂದು ಲೈವ್ ರಾಕ್ ಕೇಳಿ ತಂದು, ಮೇಲೆ ಹೇಳಿದಂತೆ ಅದ್ದಿ ನೋಡಿ, ಜೊತೆಗಿಡಿ. ಬ್ಯಾಕ್ಟೀರಿಯಾ ಅದರಿಂದ ಹರಡಿಕೊಳ್ಳುತ್ತದೆ.