ರೊಕ್ಕದ ಮಾತು: ಭಾವನ ಪ್ಲಾಟು, ಮಗನ ಶೇರು

ಪ್ರಶ್ನೆ: ನಾನು ನಿವೃತ್ತ ಶಾಲಾ ಮಾಸ್ತರ. ಕೈಗೆ 22 ಲಕ್ಷ ಬಂದಿದೆ. ಕಲಬುರಗಿ ರಿಂಗ್ ರೋಡಿನ ಆಚೆ ಪ್ಲಾಟು ತಗೊಳ್ಳಿ, ಕಡಿಮೆ ಬಿದ್ದರೆ ಸಾಲ ಮಾಡಿ ಅಂತಾರೆ ಭಾವ. ಮಗ ಶೇರು ಅಂತಾನೆ, ಮನೆಯವರು ಬಂಗಾರ ಅಂತಾರೆ. ಇವೆಲ್ಲ ಗುಳ್ಳೆ, ಇನ್ನೇನು ಒಡೆಯುತ್ತವೆ ಎಂಬ ವಿಡಿಯೊ ನೋಡಿ ನಿದ್ದೆ ಹೋಗಿದೆ. ಏನು ಮಾಡಲಿ? (ಹೆಸರು ಬೇಡ, ಶಹಾಪುರ)

ಉತ್ತರ: ಮಾಸ್ತರೇ, ಮೊದಲು ರಾತ್ರಿ ಹೊತ್ತು ವಿಡಿಯೊ ನೋಡೋದು ಬಿಡಿ.

ಗುಳ್ಳೆ ಅಂದರೆ ಬೆಲೆ ಅತಿಯಾಗಿ ಉಬ್ಬಿ ಆಮೇಲೆ ಕುಸಿಯೋದು. ಅದನ್ನು ನೋಡಲು ಮುಂಬೈಗೆ ಹೋಗಬೇಕಿಲ್ಲ, ನಮ್ಮ ಗಂಜ್ ಮಾರುಕಟ್ಟೆಯಲ್ಲೇ ನೋಡಿದ್ದೇವೆ. 2015ರಲ್ಲಿ ಮಳೆ ಕೈಕೊಟ್ಟು ತೊಗರಿ ಕ್ವಿಂಟಾಲಿಗೆ 10 ಸಾವಿರ ದಾಟಿತ್ತು. ಬೇಳೆ ಕಿಲೋಗೆ 200 ರೂಪಾಯಿ. ಮರುವರ್ಷ ಕಂಡಕಂಡಲ್ಲಿ ತೊಗರಿ ಬಿತ್ತಿದರು, ಮಳೆಯೂ ಆಯಿತು. 2017ರ ಶುರುವಿಗೆ ದರ 5,050ರ ಬೆಂಬಲ ಬೆಲೆಗಿಂತ ಕೆಳಗೆ ಬಂತು. ನನಗೆ ಗೊತ್ತಿರುವ ಇಬ್ಬರು ಅಡತಿಯವರು ದರ ಏರಿದಾಗ ಮಾಲು ತುಂಬಿಟ್ಟಿದ್ದರು. ಒಬ್ಬರದು ಸ್ವಂತ ರೊಕ್ಕ, ಇನ್ನೊಬ್ಬರದು ಸಾಲ. ಲುಕ್ಸಾನು ಇಬ್ಬರಿಗೂ ಆಯಿತು. ಮೊದಲನೆಯವರು ಸ್ವಲ್ಪ ಸ್ವಲ್ಪ ಮಾರಿ ಸುಧಾರಿಸಿಕೊಂಡರು, ಅಂಗಡಿ ಇನ್ನೂ ಇದೆ. ಎರಡನೆಯವರು ಕಂತು ಕಟ್ಟಲು ತಳಮಟ್ಟದ ದರದಲ್ಲೇ ಎಲ್ಲ ಮಾರಿದರು. ಆಮೇಲೆ ಮನೆಯೂ ಹೋಯಿತು.

ಬ್ಯಾಂಕಿನಲ್ಲಿ ಕೂತು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ನಾನೂ ಸಿಕ್ಕಿಬಿದ್ದವನೇ. 2008ರ ಜನವರಿ, ಮುಂಬೈ ಶೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 21 ಸಾವಿರ. ಎರಡೂವರೆ ಲಕ್ಷ ಶೇರಿಗೆ ಹಾಕಿದೆ. ಅದು ಮಗಳ ಇಂಜಿನಿಯರಿಂಗ್ ಫೀಸಿನ ದುಡ್ಡು. ಅಕ್ಟೋಬರಿಗೆ ಸೆನ್ಸೆಕ್ಸ್ 9 ಸಾವಿರದ ಕೆಳಗೆ. ಫೀಸು ಕಟ್ಟುವ ತಾರೀಖು ಬಂತು, 90 ಸಾವಿರಕ್ಕೆ ಮಾರಿ ಬಂದೆ. 2010ರ ದೀಪಾವಳಿ ಹೊತ್ತಿಗೆ ಸೆನ್ಸೆಕ್ಸ್ ಮತ್ತೆ 21 ಸಾವಿರ! ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಶೇರು ಕೊಂಡದ್ದಕ್ಕೆ ಇವತ್ತೂ ಬೇಜಾರಿಲ್ಲ. ಫೀಸಿನ ದುಡ್ಡಲ್ಲಿ ಕೊಂಡೆನಲ್ಲ, ಅದಕ್ಕೆ.

ಹಾಗಂತ ಕಾದರೆ ಎಲ್ಲವೂ ಬೇಗ ವಾಪಸ್ ಬರುತ್ತದೆ ಅಂತಲ್ಲ. ಜಪಾನಿನ ನಿಕ್ಕೈ ಸೂಚ್ಯಂಕ 1989ರ ಡಿಸೆಂಬರಿನಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರಲ್ಲಿ. ನಮ್ಮ ವಯಸ್ಸಿಗೆ ಮೂವತ್ನಾಲ್ಕು ವರ್ಷ ಎಲ್ಲಿಂದ ತರೋಣ? ಬಂಗಾರವೂ ಅಷ್ಟೇ. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿತ್ತು. ಆ ಬೆಲೆ ಮತ್ತೆ ಕಂಡದ್ದು 2008ರಲ್ಲಿ. ನಡುವೆ ರೂಪಾಯಿಯೇ ಇಳಿಯುತ್ತಾ ಹೋದದ್ದರಿಂದ ನಮ್ಮ ಸರಾಫ್ ಬಜಾರಿನಲ್ಲಿ ಅದು ಅಷ್ಟು ಕಾಣಲಿಲ್ಲ.

ಆದ್ದರಿಂದ ಪ್ಲಾಟಿಗೆ ಸಾಲ ಬೇಡವೇ ಬೇಡ. ಎರಡು ವರ್ಷದ ಮನೆ ಖರ್ಚು, ಆಸ್ಪತ್ರೆ ಖರ್ಚು ಲೆಕ್ಕ ಹಾಕಿ ಎಫ್‌ಡಿಯಲ್ಲಿ ಇಡಿ. ದೊಡ್ಡ ಪಾಲು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹೋಗಲಿ. 60 ತುಂಬಿದವರು 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ. ಮಗನಿಗೆ ಎರಡು ಲಕ್ಷ ಕೊಡಿ, ಒಂದೇ ದಿನ ಸುರಿಯದೆ ತಿಂಗಳು ತಿಂಗಳು ಹಾಕಲಿ. ಮನೆಯವರಿಗೆ ಒಂದಿಷ್ಟು ನಾಣ್ಯ ಕೊಡಿಸಿ, ಒಡವೆಯಾದರೆ ಮಜೂರಿ ಹೋಗುತ್ತದೆ. ಭಾವ ಬಿಡದಿದ್ದರೆ ಎನ್‌ಎ ಆದೇಶದ, ಅಂದರೆ ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಸರ್ಕಾರಿ ಆದೇಶದ, ಪ್ರತಿ ಕೇಳಿ. ಜೊತೆಗೆ, ಮುಂದಿನ ತಿಂಗಳೇ ಮಾರಬೇಕಾದರೆ ಇದೇ ದರಕ್ಕೆ ಯಾರು ಕೊಳ್ಳುತ್ತಾರೆ ಅಂತಲೂ ಕೇಳಿ. ಹೆಸರು ಹೇಳಲಿ.

ಪ್ರಶ್ನೆ: ಪತ್ತಿನ ಸಹಕಾರ ಸಂಘದಲ್ಲಿ ಬಡ್ಡಿ ಜಾಸ್ತಿ. ನನ್ನ 8 ಲಕ್ಷ ಅಲ್ಲಿಟ್ಟರೆ ಸುರಕ್ಷಿತವೇ? (ಗೃಹಿಣಿ, ಹುಮನಾಬಾದ್)

ಉತ್ತರ: ತಂಗಿ, ಸಂಘ ಬೇರೆ, ಬ್ಯಾಂಕು ಬೇರೆ. ಬ್ಯಾಂಕು ಮುಳುಗಿದರೆ ಠೇವಣಿ ವಿಮೆಯಿಂದ ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, ಬಡ್ಡಿ ಸೇರಿ 5 ಲಕ್ಷದವರೆಗೆ ಸಿಗುತ್ತದೆ. 2020ರ ಫೆಬ್ರವರಿಗೆ ಮೊದಲು ಅದು ಒಂದೇ ಲಕ್ಷ ಇತ್ತು. ಪತ್ತಿನ ಸಂಘಕ್ಕೆ ಈ ವಿಮೆ ಇಲ್ಲ. ನಾಲ್ಕು ನಾಲ್ಕು ಲಕ್ಷ ಮಾಡಿ ಎರಡು ಬ್ಯಾಂಕಿನಲ್ಲಿ ಇಡಿ. ಒಂದೇ ಬ್ಯಾಂಕಿನ ಹುಮನಾಬಾದ್ ಶಾಖೆ, ಬೀದರ್ ಶಾಖೆ ಅಂತ ಹಂಚಿದರೆ ಆಗುವುದಿಲ್ಲ, ಅದು ಒಂದೇ ಲೆಕ್ಕ.