ಅಪ್ಪನ ಇಸ್ಪೀಟು ಒಂದೇ ಸಾಲಿಗೆ ಯಾಕೆ ಮುಗಿಯಿತು?

ನಮಸ್ಕಾರ,

‘ಲಕ್ವಕ್ಕೆ ವಿಆರ್ ರಾಮಬಾಣ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಲಕ್ವ ಹೊಡೆದ ನಿಮ್ಮ ಅಪ್ಪನ ಕೈ ವಿಆರ್ ಕನ್ನಡಕದಿಂದ (ಕಣ್ಣಿಗೆ ಕಟ್ಟಿಕೊಂಡರೆ ಕಂಪ್ಯೂಟರಿನ ಕೃತಕ ಲೋಕ ತೋರಿಸುವ ಸಾಧನ) ಸುಧಾರಿಸಿತು ಎಂದು ಬರೆದಿದ್ದೀರಿ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಮೊದಲು ಆ ತಲೆಬರಹ ತೆಗೆಯಿರಿ. ಅದನ್ನು ನಂಬಿ ಯಾರಾದರೂ ಸಾಲ ಮಾಡಿ ಆ ಕನ್ನಡಕ ಕೊಂಡರೆ ಏನು ಹೇಳೋಣ?

‘ಬೇರೆಯವರು ಕೈಯಾಡಿಸುವುದನ್ನು ನೋಡಿದರೆ ಸಾಕು, ಮಿದುಳು ತಾನೇ ಕಲಿಯುತ್ತದೆ’ ಎಂದಿದ್ದೀರಿ. ತಕರಾರು ಇರುವುದು ಆ ‘ಸಾಕು’ ಮೇಲೆ. ಅದಕ್ಕೆ ನೀವು ಕೊಟ್ಟ ಆಧಾರ ಮಿದುಳಿನ ‘ಕನ್ನಡಿ ನರಕೋಶ’ (ಮಿರರ್ ನ್ಯೂರಾನ್). ಅದು ಮೊದಲು ಕಂಡದ್ದು ನೀವು ಬರೆದಂತೆ ಅಮೆರಿಕದಲ್ಲಲ್ಲ, ಇಟಲಿಯ ಪಾರ್ಮಾದಲ್ಲಿ. 1990ರ ದಶಕದ ಶುರುವಿನಲ್ಲಿ, ನರವಿಜ್ಞಾನಿ ರಿಜೊಲಾಟಿ ಅವರ ತಂಡಕ್ಕೆ, ಅದೂ ಮಂಗಗಳಲ್ಲಿ. ಮಂಗ ತಾನು ತಿನಿಸು ಎತ್ತಿಕೊಂಡಾಗ ಚುರುಕಾಗುವ ಕೋಶ, ಬೇರೆಯವರು ಎತ್ತುವುದನ್ನು ನೋಡಿದಾಗಲೂ ಚುರುಕಾಯಿತು. ಅಲ್ಲಿಂದ ನೀವು ಒಂದೇ ನೆಗೆತಕ್ಕೆ ರೋಗಿಯ ಕೈಗೆ ಹಾರಿದ್ದೀರಿ. ಲಕ್ವ ಹೊಡೆದವರ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 6 ನಿಮಿಷ ವಿಡಿಯೋ ತೋರಿಸಿ, ಆಮೇಲೆ 6 ನಿಮಿಷ ಅದೇ ಕೆಲಸವನ್ನು ಅವರ ಕೈಯಿಂದಲೇ ಮಾಡಿಸುತ್ತಿದ್ದರು. ಹೀಗೆ ನಾಲ್ಕು ವಾರ. ಸುಮ್ನೆ ಕೂತು ನೋಡಿದ್ದಲ್ಲ.

(‘ನ್ಯೂರೋಪ್ಲಾಸ್ಟಿಸಿಟಿ’, ಅಂದರೆ ಮಿದುಳು ತನ್ನ ಜೋಡಣೆಯನ್ನು ಬದಲಿಸಿಕೊಳ್ಳುವ ಗುಣ, ನಿಮ್ಮ ಲೇಖನದಲ್ಲಿ ಹನ್ನೊಂದು ಸಲ ಬಂದಿದೆ. ಒಂದು ಸಲ ಬಿಡಿಸಿ ಹೇಳಿ, ಆಮೇಲೆ ಬಿಟ್ಟುಬಿಡಿ.)

ಇನ್ನು ವಿಆರ್. 2016ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಯೋಗವನ್ನು ನೀವು ನೋಡಿಲ್ಲ ಅನಿಸುತ್ತದೆ. ಹೊಸದಾಗಿ ಸ್ಟ್ರೋಕ್ ಆಗಿದ್ದ 141 ಜನ. ಮಾಮೂಲಿ ಚಿಕಿತ್ಸೆಯ ಜೊತೆಗೆ ಅರ್ಧ ಜನರಿಗೆ ನಿಂಟೆಂಡೊ ವೀ ಗೇಮ್, ಉಳಿದವರಿಗೆ ಇಸ್ಪೀಟು, ಬಿಂಗೊ, ಚೆಂಡಾಟ. ಎರಡೂ ಗುಂಪಿನವರ ಕೈ ಸುಧಾರಿಸಿತು. ಗೇಮ್ ಆಡಿದವರದು ಜಾಸ್ತಿ ಏನೂ ಅಲ್ಲ. ವೀ ಅಂದರೆ ಟಿವಿ ಮುಂದೆ ನಿಂತು ಆಡುವುದು, ಕಣ್ಣಿಗೆ ಕಟ್ಟಿಕೊಳ್ಳುವ ಕನ್ನಡಕವಲ್ಲ. ಎರಡನ್ನೂ ವಿಆರ್ ಅಂತಲೇ ಕರೆಯುತ್ತಾರೆ, ಹಾಗಾಗಿ ಆ ವ್ಯತ್ಯಾಸವನ್ನೂ ಬರೆಯಿರಿ.

ಇದನ್ನು ಓದಿದ ಮೇಲೆ ನಿಮ್ಮ ಮೂರನೇ ಪುಟಕ್ಕೆ ವಾಪಸ್ ಹೋದೆ. ‘ಸಂಜೆ ಅಪ್ಪ ಪಕ್ಕದ ಮನೆಯವರ ಜೊತೆ ಇಸ್ಪೀಟು ಆಡುತ್ತಿದ್ದರು, ಬಲಗೈಯಲ್ಲೇ ಎಲೆ ಹಾಕುವ ಹಟ.’ ಇಷ್ಟೇ, ಒಂದು ಸಾಲು! ಮುಂದಿನ ಪ್ಯಾರಾದಲ್ಲಿ ಮತ್ತೆ ಕನ್ನಡಕದ ಗುಣಗಾನ. ಅಪ್ಪನ ಕೈ ಸುಧಾರಿಸಿದ್ದಕ್ಕೆ ಯಾವುದು ಕಾರಣ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಾಗಿರುವಾಗ ಪೂರ್ತಿ ಶ್ರೇಯಸ್ಸು ಯಂತ್ರಕ್ಕೆ ಯಾಕೆ ಕೊಟ್ಟಿರಿ?

ಲೇಖನವನ್ನು ಆ ಇಸ್ಪೀಟಿನಿಂದಲೇ ಶುರು ಮಾಡಿ. ಎಲೆ ಜಾರಿ ಬಿದ್ದಾಗ ಅಪ್ಪ ಏನಂದರು? ಪಕ್ಕದ ಮನೆಯವರು ಎತ್ತಿಕೊಟ್ಟರಾ, ಕಾಯ್ದರಾ? ಎಂಟುನೂರು ಪದದೊಳಗೆ ಬರೆದು ಮತ್ತೆ ಕಳಿಸಿ.